‘ಬನ್ನಿ’ ಎಂದ ಗಂಟೆ

ಪೇಟೆಯ ನಟ್ಟನಡುವಿನ ಮೆಥಡಿಸ್ಟ್ ದೇವಾಲಯದ ಗಂಟೆಗೆ ತನ್ನ ದನಿಯ ಮೇಲೆ ಬಲು ನೆಚ್ಚಿಕೆ. ಮಿಷನ್ನಿನ ದೊರೆಗಳು ಅದನ್ನು ಹಡಗಿನಲ್ಲಿ ತಂದು ತೂಗುಹಾಕಿದಾಗ ಸುತ್ತ ಬರೀ ಹುಣಸೆತೋಪು. ಪೇಟೆ ಹುಟ್ಟಿದ್ದೇ ತನ್ನ ಕರೆ ಕೇಳಿ ಎಂದು ಅದು ನಂಬಿತ್ತು.

ಆ ಭಾನುವಾರ ಪಾದ್ರಿಗಳು ಗಂಟೆ ಬಾರಿಸುವ ಸುವಾರ್ತಪ್ಪನಿಗೆ ಹೇಳಿದರು: “ಇವತ್ತೂ ಯಾರೂ ಬಾರದಿದ್ದರೆ ಬಾಗಿಲು ಹಾಕಿಬಿಡೋಣಪ್ಪ.”

ಗಂಟೆ ಗೋಪುರದಲ್ಲಿ ಗೂಡು ಕಟ್ಟಿದ್ದ ಪಾರಿವಾಳದತ್ತ ನೋಡಿ ನಕ್ಕಿತು. “ಎಲೈ ಪಾರಿವಾಳವೇ, ನಾನು ಕರೆದಾಗ ಈ ಪೇಟೆ ತಲೆಯೆತ್ತದೆ ಇದ್ದದ್ದುಂಟೆ?”

“ತಲೆ ಎತ್ತುತ್ತಾರೆ, ಅಜ್ಜಾ. ಕಾಲು ಎತ್ತಿದ್ದನ್ನು ನಾನು ಕಂಡಿಲ್ಲ.”

ಸುವಾರ್ತಪ್ಪ ಹಗ್ಗ ಜಗ್ಗಿದ. ಗಂಟೆ ಎದೆ ಬಿರಿಯುವಂತೆ ಕೂಗಿತು. ಹೂ ಮಾರುವವಳು ತಲೆಯೆತ್ತಿದಳು, ಆಟೋದವನೂ ಎತ್ತಿದ. “ಎಂಟಾಯ್ತು ನೋಡ್ರೀ,” ಎಂದುಕೊಂಡು ತಂತಮ್ಮ ಕೆಲಸಕ್ಕೆ ತಿರುಗಿದರು.

ಸ್ವಲ್ಪ ಹೊತ್ತಿಗೆ ಒಬ್ಬಾತ ಗೇಟು ತಳ್ಳಿಕೊಂಡು ಓಡೋಡಿ ಬಂದ. ಪಾದ್ರಿಗಳು ಎದ್ದು ಕೈಮುಗಿದರು. “ಬಂದನೋ ಇಲ್ಲವೋ?” ಎಂದು ಗಂಟೆ ಬೀಗಿತು.

“ಏನ್ ಸ್ವಾಮಿ, ನಿಮ್ಮ ಗಂಟೆ ಹಿಂದೆ ಬಿದ್ದಿದೆ!” ಎಂದು ಆತ ರೇಗಿದ. “ಇದನ್ನ ನಂಬಿ ಹೊರಟೆ, ಬಸ್ಸು ಆಗಲೇ ಹೋಗಿದೆ!” ಬಂದ ಹಾಗೇ ಹೊರಟೂ ಹೋದ.

ಪಾದ್ರಿಗಳು ಬೀಗ ತಂದರು. ಸುವಾರ್ತಪ್ಪ ಟವೆಲ್ಲು ಹಿಡಿದು ಗೋಪುರ ಹತ್ತತೊಡಗಿದ.

“ಇಷ್ಟು ಕಾಲವೂ ನಾನು ‘ಬನ್ನಿ’ ಅಂತಲೇ ಕೂಗಿದೆನಲ್ಲ?” ಎಂದಿತು ಗಂಟೆ.

“ಅವರು ನಿನಗಿಟ್ಟ ಹೆಸರೇ ಗಂಟೆ, ಅಜ್ಜಾ. ಅವರಿಗೆ ಕೇಳಿಸಿದ್ದೂ ಅಷ್ಟೇ,” ಎಂದಿತು ಪಾರಿವಾಳ.

ಗಂಟೆ ಉತ್ತರ ಕೊಡುವ ಮೊದಲೇ ಸುವಾರ್ತಪ್ಪ ಅದರ ನಾಲಗೆ ಕಟ್ಟಿದ.

ಮುಂದಿನ ಭಾನುವಾರ ಹೂ ಮಾರುವವಳು ಅಭ್ಯಾಸಬಲದಿಂದ ಗೋಪುರದತ್ತ ತಲೆಯೆತ್ತಿದಳು. ಕಾದಳು. ಗಂಟೆಯೂ ಕಾದಿತು. ಕಡೆಗೆ ಅವಳು ಆಟೋದವನತ್ತ ತಿರುಗಿ ಕೇಳಿದಳು: “ಅಣ್ಣಾ, ಗಂಟೆ ಎಷ್ಟಾಯ್ತು?”