ಹಂದಿಗೆ ಬೇಡದ ಹುಳಿ

ಮನೆಮನೆಗೆ ಜೋಳಿಗೆ ಒಡ್ಡಿ ಒಡ್ಡಿ ಚನ್ನವೀರನಿಗೆ ಸಾಕುಸಾಕಾಗಿತ್ತು. ಒಂದು ದಿನ ಗುರು ಅಡವಯ್ಯನವರ ಮುಂದೆ ಬಂದು ಕೈಮುಗಿದ.

“ಅಯ್ಯಾ, ಇನ್ನ ಯಾರನ್ನೂ ಏನೂ ಬೇಡೂದಿಲ್ರಿ. ನಮ್ಮ ಹೊಲದ ಜೋಳ ಕುದಿಸಿ ಹಂದಿಗೆ ಹಾಕ್ತೀವಲ್ಲ, ಆ ಅಂಬಲಿನ ನನಗೂ ಸಾಕು.”

“ಆಗಲೆಪ್ಪ,” ಎಂದರು ಗುರುಗಳು.

ಅಡವಯ್ಯ ಕಾವಿ ಉಡುವ ಮೊದಲು ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದವರು. ಊರವರು ಹೊಡೆದಟ್ಟಿದ ಎಂಟು ಹಂದಿಗಳನ್ನು ಹೊಳೆದಂಡೆಯ ಆಶ್ರಮದಲ್ಲಿ ಸಾಕಿಕೊಂಡಿದ್ದರು. ನಗುವವರು ನಕ್ಕರು. ಹಂದಿಗಳು ತಮ್ಮ ಪಾಡಿಗೆ ದುಂಡಗಾದವು.

ಐದು ತಿಂಗಳು ಕಳೆಯಿತು. ಮೊದಮೊದಲು ಚನ್ನವೀರನಿಗೆ ಯಾರನ್ನೂ ಬೇಡದವನೆಂಬ ಹಮ್ಮೇ ಅರ್ಧ ಹೊಟ್ಟೆ ತುಂಬಿಸಿತು. ಆಮೇಲೆ ಸುಸ್ತು ಹಿಡಿಯಿತು. ಕೀಲುಕೀಲೂ ನೋವು, ಒಸಡಿನಲ್ಲಿ ರಕ್ತ. ಒಂದು ಬೆಳಿಗ್ಗೆ ನೋಡಿದರೆ, ಆರು ವರ್ಷದ ಹಿಂದೆ ಕುಡುಗೋಲು ತಾಗಿ, ಮಾದು, ಮರೆತೇ ಹೋಗಿದ್ದ ಕಾಲಿನ ಗಾಯ ಮತ್ತೆ ಬಾಯಿಬಿಟ್ಟಿತ್ತು. ಸತ್ತೇ ಹೋಗುತ್ತೇನೆಂದು ಅವನಿಗೆ ಹೆದರಿಕೆಯಾಯಿತು.

ಕುಂಟುತ್ತ ಹೋದ. ಗುರುಗಳು ಹಂದಿಗಳಿಗೆ ಅಂಬಲಿ ಹೊಯ್ಯುತ್ತಿದ್ದರು.

“ಮಾದ ಗಾಯ ಹೆಂಗ ಬಿಚ್ಚಿತ್ರಿ, ಅಯ್ಯಾ?”

“ಒಮ್ಮೆ ಮಾದರ ಮುಗೀತು ಅಂದಕೊಂಡೇನು? ಮೈಯನ್ನ ಹಿಡಿದಿಟ್ಟ ಎಳಿ ದಿನಾ ಸವೀತೈತಿ, ದಿನಾ ಹೊಸೀಬೇಕು. ಹೊಸ್ಯಾಕ ಹುಳಿ ಬೇಕು. ನಿಂಬಿ, ನೆಲ್ಲಿ. ಸಿ ವಿಟಮಿನ್ ಅಂತಿದ್ರು ನಮ್ಮ ಡಾಕ್ಟರು. ಅಂಬಲಿಯಾಗ ಅದಿಲ್ಲ.”

“ಇವೂ ಅದನ್ನ ಉಣ್ತಾವಲ್ರಿ?”

ಹೋದ ವಾರವಷ್ಟೇ ಮುಳ್ಳುತಂತಿಗೆ ಸಿಕ್ಕಿ ಹರಿದಿದ್ದ ಹೆಣ್ಣುಹಂದಿಯ ಚರ್ಮ ಆಗಲೇ ಕೂಡಿಕೊಂಡಿತ್ತು.

“ಹಂದಿ ಆ ಹುಳಿ ತನ್ನ ಮೈಯಾಗ ತಾನ ಮಾಡ್ಕೊಂತೈತಿ. ಅದು ಯಾರನ್ನೂ ಬೇಡಬೇಕಾಗಿಲ್ಲ.”

“ನಾನು?”

“ನೀ ಹಂದಿ ಅಲ್ಲ.”

ಚನ್ನವೀರನಿಗೆ ಸಿಟ್ಟು ಬಂತು. “ಗೊತ್ತಿದ್ದೂ ಸುಮ್ಮನ ಕುಂತ್ರಿ!”

“ಮೊದಲನೇ ವಾರ ನೆಲ್ಲಿಕಾಯಿ ಕೊಡಾಕ ಬಂದಾಗ ಏನಂದಿ?”

‘ಬ್ಯಾಡ್ರಿ, ನೇಮ ಕೆಡತೈತಿ’ ಎಂದಿದ್ದ. ಅಷ್ಟೇ ಅಲ್ಲ, ಮುಖವನ್ನೂ ತಿರುಗಿಸಿದ್ದ. ಚನ್ನವೀರ ತಲೆ ತಗ್ಗಿಸಿದ.

“ಅವತ್ತಿನಿಂದ ನಾನೂ ಬರೇ ಅಂಬಲಿ ಉಂಡೀನಿ,” ಎಂದು ಗುರುಗಳು ದಣಿದ ನಗೆ ನಕ್ಕರು. ಅವರ ಹಲ್ಲುಸಂದಿಯಲ್ಲೂ ರಕ್ತವಿತ್ತು.

“ನೀವ್ಯಾಕ್ರಿ, ಅಯ್ಯಾ?”

“ಶಿಷ್ಯ ಒಲ್ಲೆ ಅಂದದ್ದು ಗಂಟಲಾಗ ಇಳೀಲಿಲ್ಲಪ್ಪ.”

ಚನ್ನವೀರನ ಸಿಟ್ಟು ಇಳಿದುಹೋಯಿತು. ಕಣ್ಣಲ್ಲಿ ನೀರು ಬಂತು. ಗುರುಗಳ ಮುಂದೆ ಕೈಯೊಡ್ಡಿದ.

“ಅಯ್ಯಾ, ನನಗೊಂದು ನಿಂಬಿಹಣ್ಣು ಕೊಡ್ರಿ.”

“ನನ್ನ ಕಡೆ ಎಲ್ಲೈತೋ ತಮ್ಮಾ? ಊರಾಗ ಹೋಗಿ ಬೇಡು. ಹಂಗ, ನಿನ್ನ ಬೇಡ್ತೀನಿ, ನನಗೂ ಒಂದು ತಾ.”