ಕಲ್ಲಿಗೆ ಹೊದಿಸಿದ ಕಂಬಳಿ

"ಅಜ್ಜಾರೆ, ಕೈಯಾರೆ ಕಂಬಳಿ ಹೊದಿಸಿದ ಮೇಲೂ ಒಬ್ಬ ನಡುಗುತ್ತಿದ್ದರೆ, ಅದು ಸೋಗಲ್ಲದೆ ಮತ್ತೇನು?" ಎಂದು ಶಿಷ್ಯ ಗುರುಗಳನ್ನು ಕೇಳಿದ.

ಹಿಂದಿನ ಸಂಜೆ ಮಠದ ಪಡಸಾಲೆಗೆ ಒಬ್ಬ ಮುದುಕ ದಾರಿಹೋಕ ಬಂದಿದ್ದ. ಶಿಷ್ಯನೇ ಅವನಿಗೆ ಕಂಬಳಿ ಕೊಟ್ಟಿದ್ದ. ಬೆಳಿಗ್ಗೆ ನೋಡಿದರೆ ಮುದುಕ ಕಂಬಳಿಯೊಳಗೇ ಗಡಗಡ ನಡುಗುತ್ತಿದ್ದ. "ಸಾಕು ಮಾಡೋ ನಿನ್ನ ನಾಟಕ" ಎಂದು ನಾಲ್ಕು ಜನರ ಮುಂದೆ ಗದರಿ ಬಂದಿದ್ದ ಶಿಷ್ಯ. ಗದರಿದ ಸಂಗತಿಯನ್ನು ಗುರುಗಳಿಗೆ ಹೇಳಲಿಲ್ಲ. ಅವರು ಕೇಳಲೂ ಇಲ್ಲ. ಗಡ್ಡ ನೀವಿಕೊಂಡು ನಕ್ಕರು.

"ಕೂತುಕೋ ತಮ್ಮಾ. ಒಂದು ಕತೆ ಹೇಳುತ್ತೇನೆ. ಇದರಲ್ಲಿ ಒಂದಕ್ಷರ ಸುಳ್ಳಿದ್ದರೂ ಈ ಗಡ್ಡ ನಿನ್ನದು. ಸುತ್ತ ಹಳ್ಳಿಗಳಲ್ಲಿ ಇಂಥ ಗಡ್ಡ ಇನ್ನೊಂದಿಲ್ಲ. ಇದನ್ನು ಪಣಕ್ಕಿಟ್ಟು ಸುಳ್ಳು ಹೇಳುವಷ್ಟು ದಡ್ಡ ನಾನಲ್ಲ."

ಹೀಗೆಂದು ಕತೆ ತೆಗೆದರು.

ಒಂದೂರಿನಲ್ಲಿ ಒಬ್ಬ ಮೆಣಸಿನಕಾಯಿ ವ್ಯಾಪಾರಿ ಇದ್ದ. ಅವನ ಕಣದಲ್ಲಿ ಹೆಂಗಸರು ಕೂತು ಒಣಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದರು. ಬಿಸಿಲೇರಿತೆಂದರೆ ಕಾಯಿ ಗರಿಗರಿಯಾಗಿ ಕೈಯಲ್ಲೇ ಒಡೆದು ಬೀಜ ಚೆಲ್ಲುತ್ತದೆ. ಇಬ್ಬನಿಗೆ ಮೆತ್ತಗಾದ ಹೊತ್ತಿನಲ್ಲೇ ಆ ಕೆಲಸ ಮುಗಿಸಬೇಕು. ಹೀಗಾಗಿ ಬೆಳಕು ಹರಿಯುವಾಗಲೇ ಅವರು ಬಂದು ತಣ್ಣನೆಯ ನೆಲ ಹಿಡಿಯುತ್ತಿದ್ದರು. ಆ ಹೊತ್ತಿಗೆ ಎಲ್ಲರಿಗೂ ಒಂದೊಂದು ಬಟ್ಟಲು ಬಿಸಿ ಜೋಳದ ಗಂಜಿ ಕೊಡುವುದು ವ್ಯಾಪಾರಿಯ ಅಪ್ಪನ ಕಾಲದಿಂದ ನಡೆದುಬಂದ ರೂಢಿ.

ಆ ವರ್ಷ ಚಳಿ ಬಿತ್ತು ನೋಡು, ಅಂಥಿಂಥ ಚಳಿಯಲ್ಲ. ವರ್ಷಗಟ್ಟಲೆ ಮಾತು ಬಿಟ್ಟಿದ್ದ ಅತ್ತೆ ಸೊಸೆ ಒಂದೇ ಕೌದಿಯೊಳಗೆ ಅಪ್ಪಿಕೊಂಡು ಮಲಗಿದರು. ಉಸಿರಿನ ಬಿಸಿ ದಂಡವಾದೀತೆಂದು ಎಮ್ಮೆಗಳು ಒಂದೇ ಹೊಳ್ಳೆಯಲ್ಲಿ ಉಸಿರಾಡಿದವು. ನಾನೇ ಬಗ್ಗಿ ನೋಡಿದ್ದೇನೆ.

ವ್ಯಾಪಾರಿಗೆ ಒಂದು ಉಪಾಯ ಹೊಳೆಯಿತು. ಕುರುಬರಿಂದ ಒಳ್ಳೆಯ ಕರಿಕಂಬಳಿಗಳನ್ನು ತರಿಸಿದ. ತನ್ನ ಗುರುತಿಗೆಂದು ಅಂಚಿಗೆ ಕೆಂಪು ದಾರ ಹೊಲಿಸಿದ. ಕಣದ ಹೆಂಗಸರಿಗೆಲ್ಲ ಒಂದೊಂದು ಹಂಚಿದ. ಗಂಜಿಯ ಹಂಡೆಯನ್ನು ಬೋರಲು ಹಾಕಿಸಿದ. "ಗಂಜಿಯ ಬಿಸಿ ಹೊತ್ತೇರುವ ತನಕ, ಕಂಬಳಿಯ ಬಿಸಿ ಅದು ಹರಿದು ಚಿಂದಿಯಾಗುವ ತನಕ" ಎಂದ. ಊರು ಅವನನ್ನು ಹೊಗಳಿತು. ಅವನೂ ತನ್ನನ್ನು ಹೊಗಳಿಕೊಂಡ, ಊರಿಗಿಂತ ಒಂದು ಕೈ ಹೆಚ್ಚಾಗಿಯೇ.

ಒಂದು ಮುಂಜಾನೆ ಪರವೂರಿನ ಇಬ್ಬರು ವ್ಯಾಪಾರಿಗಳು ಸರಕು ನೋಡಲು ಬಂದರು. ಇವನು ಮೆಣಸಿನಕಾಯಿ ತೋರಿಸುವ ಮೊದಲು ಕಂಬಳಿ ತೋರಿಸಿದ. ಸಾಲಿನ ಕೊನೆಯಲ್ಲಿ ಗುತ್ತೆವ್ವ ಎಂಬ ಹೆಂಗಸು ಕಿವಿಯ ತನಕ ಹೊದ್ದು ಕೂತಿದ್ದಳು. ಅವಳೊಂದಿಗೆ ಕಂಬಳಿಯೂ ನಡುಗುತ್ತಿತ್ತು.

ಬಂದವರಲ್ಲಿ ಒಬ್ಬ ನಕ್ಕ. "ಸಾವ್ಕಾರ್ರ, ನಿಮ್ಮ ಕಂಬಳಿಗೇ ಥಂಡಿ ಹತ್ತೇತಲ್ರಿ!"

ವ್ಯಾಪಾರಿಯ ಮುಖ ಅವನ ಸರಕಿನ ಬಣ್ಣಕ್ಕೆ ತಿರುಗಿತು. "ಏನಬೇ, ನಾ ಕೊಟ್ಟದ್ದು ಮಾರಿಕೊಂಡು ಯಾವುದೋ ಹಳೇದು ಹೊದ್ದು ಬಂದೀಯೇನು?" ಎಂದು ಮೂರು ಓಣಿಗೆ ಕೇಳುವಂತೆ ಗದರಿದ.

"ಇದು ನೀವು ಕೊಟ್ಟದ್ದ ಐತ್ರಿ" ಎಂದಳು ಗುತ್ತೆವ್ವ.

ಎಲ್ಲರ ಮುಂದೆ ಅದನ್ನು ಅವಳ ಮೈಮೇಲಿಂದ ಎಳೆದ. ಅಂಚಿನಲ್ಲಿ ಕೆಂಪು ದಾರ ಇತ್ತು. ಅಲ್ಲಿಗೇ ಬಾಯಿ ಮುಚ್ಚಿಕೊಂಡಿದ್ದರೆ ಚೆನ್ನಾಗಿತ್ತು. ಮುಚ್ಚಲಿಲ್ಲ. ಕಂಬಳಿಯನ್ನು ತಾನೇ ಹೊದ್ದ. ಆಗಷ್ಟೇ ಬೆಣ್ಣೆ ಸವರಿದ ಬಿಸಿ ರೊಟ್ಟಿ ತಿಂದು ಬಂದಿದ್ದ. ಕ್ಷಣದಲ್ಲಿ ಮೈ ಬೆಚ್ಚಗಾಯಿತು. "ನೋಡ್ರಿ, ನನಗ ಬೆವರು ಬಂತು. ಕಂಬಳಿಗೇನು ಧಾಡಿ? ಈಕೀದು ಬರೇ ಸೋಗು. ನಾಳಿಂದ ಕಣಕ್ಕ ಬರಬ್ಯಾಡ ನೀನು" ಎಂದ.

ಗುತ್ತೆವ್ವ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಬಂದವನು ಮತ್ತೆ ಕೆಣಕಿದ. "ನಿಮಗಷ್ಟ ಬಿಸಿಯೋ ಸಾವ್ಕಾರ್ರ, ಯಾರಿಗೆ ಹೊದಿಸಿದರೂ ಬಿಸಿಯೋ?"

"ಕಲ್ಲಿಗೂ ಬೆವರು ಬರಸ್ತೀನಿ!"

ಕಣದ ಮೂಲೆಯಲ್ಲಿ ಒಂದು ಗುಂಡುಕಲ್ಲು ಬಿದ್ದಿತ್ತು. ವ್ಯಾಪಾರಿ ಕಂಬಳಿಯನ್ನು ಅದಕ್ಕೆ ಸುತ್ತಿದ. ಗಾಳಿ ಹೋಗದಂತೆ ನಾಲ್ಕೂ ಕಡೆ ಒತ್ತಿ, ಮಗುವಿಗೆ ಹೊದಿಸುವ ಹಾಗೆ ಹೊದಿಸಿದ. ಅತಿಥಿಗಳನ್ನು ಉಪ್ಪಿಟ್ಟಿಗೆ ಕರೆದುಕೊಂಡು ಒಳಗೆ ಹೋದ. ಗುತ್ತೆವ್ವ ಹರಿದ ಸೆರಗನ್ನು ಹೆಗಲಿಗೆ ಎಳೆದುಕೊಂಡು ತೊಟ್ಟು ಬಿಡಿಸುತ್ತ ಕೂತಳು. ಕಲ್ಲು ಕಂಬಳಿ ಹೊದ್ದು ಅವಳ ಎದುರಿಗೆ ಕೂತಿತ್ತು.

ಉಪ್ಪಿಟ್ಟಾಯಿತು, ದರದ ಮಾತಾಯಿತು, ಎಲೆ ಅಡಿಕೆಯಾಯಿತು. ಎಲ್ಲರೂ ಹೊರಗೆ ಬಂದರು. ವ್ಯಾಪಾರಿ ಜಂಬದಿಂದ ಕಂಬಳಿ ಬಿಚ್ಚಿ ಕಲ್ಲಿನ ಮೇಲೆ ಅಂಗೈ ಇಟ್ಟ. ಹೇಗಿತ್ತೋ ಹಾಗೇ ಕೊರೆಯುತ್ತಿತ್ತು. ಅತಿಥಿಯೂ ಮುಟ್ಟಿ ನೋಡಿದ.

"ಈ ಕಲ್ಲೂ ಸೋಗು ಹಾಕ್ತೇತೇನ್ರಿ ಸಾವ್ಕಾರ್ರ?"

ಕಣವೆಲ್ಲ ನಕ್ಕಿತು. ಅದೇ ಹೊತ್ತಿಗೆ ವ್ಯಾಪಾರಿಯ ಹೆಂಡತಿ, "ಇನ್ನೊಂದೀಟು ಉಪ್ಪಿಟ್ಟು ಹಾಕಿಸಿಕೊಳ್ರೆಪಾ" ಎನ್ನುತ್ತ ಪಾತ್ರೆಯನ್ನು ಹೊರಗೇ ತಂದಳು. ಆರದಿರಲಿ ಎಂದು ಆಕೆ ಅದಕ್ಕೆ ಹಂಚಿ ಉಳಿದಿದ್ದ ಕಂಬಳಿಯೊಂದನ್ನು ಸುತ್ತಿಟ್ಟಿದ್ದಳು. ಬಿಚ್ಚಿದೊಡನೆ ಹಬೆ ಎದ್ದಿತು. ವ್ಯಾಪಾರಿ ಕಲ್ಲು ಮುಟ್ಟಿದ ಕೈಯಿಂದಲೇ ಪಾತ್ರೆ ಮುಟ್ಟಿದ. ಕೈ ಚುರುಕೆಂದಿತು.

ಅದೇ ಕುರುಬರ ಕಂಬಳಿ, ಅದೇ ಕೆಂಪು ದಾರ. ಕಲ್ಲನ್ನು ತಣ್ಣಗೇ ಇಟ್ಟಿತ್ತು, ಪಾತ್ರೆಯನ್ನು ಬಿಸಿಯಾಗಿಯೇ ಇಟ್ಟಿತ್ತು. ಅಂದರೆ ಕಂಬಳಿಗೆ ತನ್ನದೆಂಬ ಬಿಸಿಯೇ ಇಲ್ಲ. ಉಣ್ಣೆಯ ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿ, ಒಳಗಿದ್ದ ಬಿಸಿ ಬೇಗ ಹೊರಗೆ ಹೋಗದಂತೆ ತಡೆಯುತ್ತದೆ, ಅಷ್ಟೇ. ಒಳಗೆ ಬಿಸಿಯೇ ಇಲ್ಲದಿದ್ದರೆ ಅದು ಏನನ್ನು ತಡೆಯಬೇಕು? ವ್ಯಾಪಾರಿಗೆ ತನ್ನ ಹೊಟ್ಟೆಯೊಳಗಿನ ರೊಟ್ಟಿ ಬೆಣ್ಣೆ ನೆನಪಾಯಿತು. ಕಣ್ಣು ತಾನಾಗಿ ಬೋರಲು ಬಿದ್ದ ಹಂಡೆಯ ಕಡೆ ಹೋಯಿತು. ಅಲ್ಲಿಂದ ಗುತ್ತೆವ್ವನ ಕಡೆ.

"ಮುಂಜಾನೆ ಏನು ಉಂಡು ಬಂದೀಯವ್ವ?" ಎಂದು ಕೇಳಿದ. ಪಕ್ಕದಲ್ಲಿದ್ದವರಿಗೂ ಆ ದನಿ ಸರಿಯಾಗಿ ಕೇಳಿಸಲಿಲ್ಲ.

ಗುತ್ತೆವ್ವ ತೊಟ್ಟಿನ ರಾಶಿಯಿಂದ ಕಣ್ಣೆತ್ತಲಿಲ್ಲ. "ಗಂಜಿ ನಿಂತ ಮ್ಯಾಲೆ ಮುಂಜಾನಿದು ಇಲ್ರಿ. ಮನ್ಯಾಗಿದ್ದದ್ದು ಹುಡುಗರಿಗೆ ಹೋಗತೈತಿ."

ಹೆಂಡತಿ ನೆಲ ನೋಡಿದಳು. ವ್ಯಾಪಾರಿಗೆ ಯಾರಾದರೂ ಇನ್ನೊಮ್ಮೆ ತನ್ನನ್ನು ಗೇಲಿ ಮಾಡಿದ್ದರೆ ಚೆನ್ನಾಗಿತ್ತು ಎನಿಸಿತು. ಯಾರೂ ಮಾಡಲಿಲ್ಲ. ಬಂದ ಅತಿಥಿಗಳು ಕೂಡ ಚಪ್ಪಲಿಯಲ್ಲಿ ಇಲ್ಲದ ಧೂಳು ಕೊಡವಿಕೊಂಡು ನಿಂತರು.

ಅವನು ಕಂಬಳಿ ಎತ್ತಿಕೊಂಡು ಗುತ್ತೆವ್ವನ ಬಳಿಗೆ ಹೋದ. ಹೊದಿಸಬೇಕೆಂದುಕೊಂಡ. ಅವಳನ್ನು ಚಳಿಗೆ ಬಿಟ್ಟು ಕಲ್ಲಿಗೆ ಹೊದಿಸಿದ ಕೈ ಅದು, ಮೇಲೇಳಲಿಲ್ಲ. ಮಡಿಸಿ ಅವಳ ಮುಂದೆ ಇಟ್ಟ. ಉಪ್ಪಿಟ್ಟಿನ ಪಾತ್ರೆ ತಂದು ಪಕ್ಕಕ್ಕೆ ಇಟ್ಟ. ಆಮೇಲೆ ಹೋಗಿ ಹಂಡೆಯನ್ನು ತಾನೇ ಎತ್ತಿ ನಿಲ್ಲಿಸಿದ. ಎರಡೂ ಕೈ ಮಸಿಯಾಯಿತು. ಹೇಳಬೇಕಾದ ಮಾತೊಂದು ಬಾಕಿ ಉಳಿದಿತ್ತು. ಆಕೆಯನ್ನು ಗದರಲು ಮೂರು ಓಣಿಗೆ ಕೇಳುವಂತೆ ತೆರೆದಿದ್ದ ಬಾಯಿ, ಅದನ್ನು ಹೇಳಲು ತೆರೆಯಲಿಲ್ಲ. ಮಸಿ ಕೈ ನೋಡಿಕೊಂಡು ನಿಂತ.

ಗುತ್ತೆವ್ವ ತಲೆ ಎತ್ತಿ ಅವನನ್ನು ನೋಡಿದಳು. ಸಣ್ಣಗೆ ನಕ್ಕು, "ಇರಲಿ ಬಿಡ್ರಿ ಸಾವ್ಕಾರ್ರ, ನಿಮಗ ತಿಳಿದಿದ್ದಿಲ್ಲ" ಎಂದಳು.

"ಇಷ್ಟೇ ಕತೆ" ಎಂದರು ಗುರುಗಳು.

ಶಿಷ್ಯ ಬಹಳ ಹೊತ್ತಿನಿಂದ ತಲೆ ತಗ್ಗಿಸಿಕೊಂಡು ಕೂತಿದ್ದ. ಪಡಸಾಲೆಯ ಮುದುಕನಿಗೆ ಕಂಬಳಿ ಕೊಡುವಾಗ, ಉಂಡೆಯಾ ಎಂದು ಕೇಳಿರಲಿಲ್ಲ. ಈಗ ಕೊನೆಯ ಮಾತು ಕೇಳಿ ಅವನಿಗೆ ಉಸಿರು ಬಂದಂತಾಯಿತು.

"ಸದ್ಯ, ಆಕೆ ದೊಡ್ಡ ಮನಸ್ಸು ಮಾಡಿ ಅಷ್ಟಂದಳಲ್ಲ ಅಜ್ಜಾರೆ. ಇಲ್ಲದಿದ್ದರೆ ಆ ಮನುಷ್ಯ ಮುಖ ಎಲ್ಲಿಟ್ಟುಕೊಳ್ಳಬೇಕಿತ್ತು?"

ಗುರುಗಳು ತಮ್ಮ ಗಡ್ಡದಿಂದ ಒಂದು ಕೂದಲು ಕಿತ್ತು ಶಿಷ್ಯನ ಅಂಗೈಯಲ್ಲಿಟ್ಟರು.

"ಆ ಒಂದು ಮಾತು ಮಾತ್ರ ನಾನು ಸೇರಿಸಿದ್ದು ತಮ್ಮಾ, ಆಕೆ ಏನೂ ಅನ್ನಲಿಲ್ಲ."