ದ್ಯಾಮವ್ವನ ಗುಡಿ ದಾಟದ ಬೈಕು

ಕಾರಹುಣ್ಣಿಮೆಯ ದಿನ ಅವನು ಎತ್ತುಗಳ ಹಿಂದೆ ಓಡಿದ. ಎತ್ತುಗಳು ಮನೆಗೆ ಬಂದವು, ಅವನು ಬರಲಿಲ್ಲ. ಹತ್ತೂರು ಸುತ್ತಿ ಒಬ್ಬ ಸಾಹುಕಾರರ ಮನೆಯಲ್ಲಿ ಆಳಾಗಿ ನಿಂತ.

ಸಾಹುಕಾರರು ಮಗ ಚನ್ನಬಸುವಿಗೆ ಹೊಸ ಟೂ-ಸ್ಟ್ರೋಕ್ ಬೈಕು ಕೊಡಿಸಿ, ಆಳನ್ನು ಕರೆದರು.

"ಅವ ಊರು ದಾಟಬಾರದು. ನಾ ತಡದೆ ಅಂತ ಗೊತ್ತಾಗಲೂಬಾರದು. ದಾಟಿದರ ನಿನ್ನ ಗಂಟು ಹೊರಗ!"

ಆಳು ದಿನಾ ಬೈಕು ಒರೆಸುವ ನೆವದಲ್ಲಿ ಟ್ಯಾಂಕಿನ ಕೆಳಗಿನ ಪೆಟ್ರೋಲ್ ನಲ್ಲಿಯನ್ನು ಒಂದಿಷ್ಟು ಬಿಟ್ಟು ಮತ್ತೆ ಮುಚ್ಚಿಬಿಡುತ್ತಿದ್ದ. ಆ ನಲ್ಲಿಯ ಸುದ್ದಿ ಹುಡುಗನಿಗೆ ಯಾರೂ ಹೇಳಿರಲಿಲ್ಲ. ಕಾರ್ಬೊರೇಟರಿನಲ್ಲಿ ಉಳಿದಷ್ಟು ಪೆಟ್ರೋಲಿನಲ್ಲೇ ಬೈಕು ಟರ್ರೆಂದು ಹಾರಿ, ಊರ ಗಡಿಯ ದ್ಯಾಮವ್ವನ ಗುಡಿಯೆದುರು ಉಸಿರು ಬಿಡುತ್ತಿತ್ತು.

ನಲ್ಲಿಯ ಗುಟ್ಟು ತಿಳಿಯದ ಸಾಹುಕಾರರು ಗುಡಿಗೆ ಹೋಗಿ ಕಾಯಿ ಒಡೆಸಿದರು. "ತಾಯಿನೂ ನನ್ನ ಮಾತು ಕೇಳತಾಳ ನೋಡು!" ಆಳು ಮೀಸೆಯಲ್ಲೇ ನಕ್ಕ.

ಒಂದು ದಿನ ಬೈಕು ತಳ್ಳಿಕೊಂಡು ಬಂದ ಹುಡುಗ ಆಳಿನ ಮುಂದೆ ತಲೆ ತಗ್ಗಿಸಿ ನಿಂತ.

"ಬೈಕಿನ ತಪ್ಪಲ್ಲ ಕಾಕಾ. ಅವ್ವಗ ಎದುರು ಮಾತಾಡಿದ್ದೆ. ದ್ಯಾಮವ್ವ ನನ್ನ ಮ್ಯಾಲ ಮುನಿಸಿಕೊಂಡಾಳ."

ಆಳಿಗೆ ನಿಂತ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

"ದ್ಯಾಮವ್ವ ಅಲ್ಲ ತಮ್ಮಾ, ನಾನು," ಎಂದು ನಲ್ಲಿ ತೋರಿಸಿದ.

ಬೈಕಿನ ಸದ್ದು ಗುಡಿ ದಾಟಿ ದೂರ ಹೋಯಿತು. ಸಾಹುಕಾರರು ಹೊರಗೆ ಓಡಿ ಬರುವಷ್ಟರಲ್ಲಿ ಆಳು ತಾನೇ ಕಂಬಳಿ ಮಡಚಿ ಗಂಟು ಕಟ್ಟುತ್ತಿದ್ದ.